ನರಿ ಕರೆಯುವ ಮನೆ

ಜಯಲಕ್ಷ್ಮಮ್ಮ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕೂತಿದ್ದ ಒಂದು ಮಧ್ಯಾಹ್ನ, ಬೆನ್ನಿಗೆ ಗಂಟಿನಂಥ ಚೀಲ ಹೊತ್ತ ಹುಡುಗಿಯೊಬ್ಬಳು ಸ್ಕೂಟರಿನಿಂದ ಇಳಿದು, ಹೆಲ್ಮೆಟ್ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು, "ನರಿ ಕರೆಯೋ ಪುಟ್ಟರಾಜಣ್ಣನವರ ಮನೆ ಇದೇನಾ ಅಜ್ಜಿ?" ಅಂತ ಕೇಳಿದಳು.

ಜಯಲಕ್ಷ್ಮಮ್ಮನ ಕೈ ನಿಂತಿತು. ಎರಡು ವರ್ಷದಿಂದ ಯಾರೂ ಆ ಹೆಸರು ಹಿಡಿದು ಕೇಳಿಕೊಂಡು ಬಂದಿರಲಿಲ್ಲ.

"ಯಾರ್ ಯೋಳುದ್ರವ್ವ ನಿಂಗೆ?"

"ಹಿರೀಸಾವೆ ಹತ್ರ ಗಾಡಿ ಪಂಕ್ಚರ್ ಆಗಿತ್ತು. ಅಂಗಡಿಯವ್ರು ಕುಮಾರ್ ಅಂತ, ಅವ್ರೇ ಹೇಳಿದ್ರು. ನಮ್ಮಪ್ಪ ಅವ್ರು, ಮನೇಲೇ ಇರ್ತಾರೆ ಹೋಗಿ ಅಂದ್ರು."

ಹೆದ್ದಾರಿಯಲ್ಲಿ ಟೈರಿಗೆ ಗಾಳಿ ಹೊಡೆಯುವ ಮಗ ಇಂಥ ಮಾತನ್ನೂ ಹೊರಗೆ ಬಿಟ್ಟುಕೊಂಡು ಕೂರುತ್ತಾನಲ್ಲ ಎಂದು ಅವಳಿಗೆ ಸಿಟ್ಟು ಬಂತು. "ಕರೀತಿದ್ರು ಕಣವ್ವ. ಈಗಿಲ್ಲ. ಗಂಟಲು ಆಪರೇಶನ್ ಆಗದೆ. ಮಾತೇ ಇಲ್ಲ, ಇನ್ನು ನರಿ ಎಲ್ಲಿ ಕರೆಯಾದು. ನೀರು ಕುಡ್ಕಂಡು ಓಗು, ಬಿಸ್ಲಲ್ಲಿ ಬಂದಿದ್ದೀಯ" ಅಂದಳು.

ಹುಡುಗಿಯ ಮುಖ ಇಳಿದುಹೋಯಿತು. ನೀರಿಗೆ ಅಂತ ಜಯಲಕ್ಷ್ಮಮ್ಮ ಎದ್ದು ತಿರುಗಿದರೆ ಹೊಸ್ತಿಲ ಒಳಗೆ ಪುಟ್ಟರಾಜು ನಿಂತಿದ್ದ. ಕುತ್ತಿಗೆಯ ಕೆಳಗಿನ ತೂತಿಗೆ, ಜೊಲ್ಲು ಸುರಿಸುವ ಮಗುವಿಗೆ ಕಟ್ಟುವಂತೆ, ಬಿಳೀ ಬಟ್ಟೆ ಕಟ್ಟಿಕೊಂಡಿದ್ದ. ಉಸಿರಾಡಿದಾಗ ಆ ಬಟ್ಟೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಎಲ್ಲ ಕೇಳಿಸಿಕೊಂಡಿದ್ದ ಅಂತ ಅವನ ಕಣ್ಣು ನೋಡಿದರೇ ಗೊತ್ತಾಯಿತು. ಹುಡುಗಿಗೆ ಕೈಯಲ್ಲೇ ಕೂರು ಅಂದ. ಆಮೇಲೆ ಹೆಂಡತಿಯ ಕಡೆ ತಿರುಗಿ ತುಟಿ ಆಡಿಸಿದ.

"ಏನಂತೆ?" ಅಂದಳು ಹುಡುಗಿ.

"ನರಿ ಏನಕ್ಕೆ ಬೇಕು, ಒಡೆಯಾಕಾ ಅಂತವ್ರೆ."

"ಅಯ್ಯೋ ಇಲ್ಲ ತಾತ, ಎಣಿಸೋಕೆ!"

ಹುಡುಗಿಯ ಹೆಸರು ದೀಪಶ್ರೀ. ಅರಕಲಗೂಡಿನವಳು. ಹಾಸನದಲ್ಲಿ ಕಾಡುಪ್ರಾಣಿಗಳ ಲೆಕ್ಕ ಬರೆಯುವ ಒಂದು ಸಣ್ಣ ತಂಡಕ್ಕೆ ಹೊಸದಾಗಿ ಸೇರಿದ್ದಳು. ಚನ್ನರಾಯಪಟ್ಟಣ, ಹೊಳೆನರಸೀಪುರದ ಬಯಲುಗಳಲ್ಲಿ ಎಷ್ಟು ನರಿ ಉಳಿದಿವೆ ಅಂತ ಅವಳು ತಿಳಿದು ಬರೆಯಬೇಕಿತ್ತು. ನರಿಯನ್ನು ಕಣ್ಣಿಂದ ಎಣಿಸಲಾಗುವುದಿಲ್ಲ, ಕಿವಿಯಿಂದ ಎಣಿಸಬೇಕು. ಸಂಜೆ ಒಂದು ಕಡೆ ನಿಂತು ನರಿಯ ಕೂಗು ಹಾಕಿದರೆ ಸುತ್ತಲಿನವು ಓಗೊಡುತ್ತವೆ, ಯಾವ ದಿಕ್ಕಿನಿಂದ ಎಷ್ಟು ಕೂಗಿದವು ಅಂತ ಗುರುತು ಹಾಕಿಕೊಳ್ಳುವುದು. ಅದಕ್ಕೆ ಅವಳ ಹತ್ತಿರ ಒಂದು ಸ್ಪೀಕರ್ ಇತ್ತು. ಮೊದಲ ಎರಡು ಸಂಜೆ ನರಿಗಳು ಕೂಗಿದ್ದವು. ಆಮೇಲೆ ಹದಿನೈದು ದಿನದಿಂದ ಒಂದೂ ಬಾಯಿ ಬಿಟ್ಟಿರಲಿಲ್ಲ.

ಪುಟ್ಟರಾಜು ಗೋಡೆಗೆ ಒರಗಿ ಕೂತು ಕೇಳಿಸಿಕೊಂಡ. ಕೇಳುತ್ತ ಕೇಳುತ್ತ ಅವನ ಬೆನ್ನು ನೆಟ್ಟಗಾಯಿತು. ಆಪರೇಶನ್ ಆದ ಮೇಲೆ ಅವನು ಯಾರ ಮಾತನ್ನೂ ಇಷ್ಟು ಹೊತ್ತು ಕೂತು ಕೇಳಿದ್ದನ್ನು ಜಯಲಕ್ಷ್ಮಮ್ಮ ನೋಡಿರಲಿಲ್ಲ. ಕೊನೆಗೆ ತುಟಿ ಆಡಿಸಿದ. ಅವಳಿಗೆ ಅದನ್ನು ಹೇಳಲು ಮನಸ್ಸಿರಲಿಲ್ಲ, ಆದರೂ ಹೇಳಿದಳು.

"ಸಂದೆ ಬಾ ಅಂತವ್ರೆ. ಬಾರೆ ಮೇಲಕ್ಕೆ ಓಗವ ಅಂತೆ."

*

ಅವರ ಊರು ಕಲ್ಲುಬಾರೆ ಕೊಪ್ಪಲು, ಹೆದ್ದಾರಿಯಿಂದ ಮೂರು ಕಿಲೋಮೀಟರ್ ಒಳಗೆ. ನಲವತ್ತು ಮನೆ. ಊರ ಬೆನ್ನಿಗೆ ಕಲ್ಲುಗುಂಡು, ಲಂಟಾನದ ಪೊದೆ ತುಂಬಿದ ಎತ್ತರದ ಬಯಲು, ಅದೇ ಬಾರೆ. ಅದರ ಒಂದು ಕಡೆಗೆ ಕೆರೆ, ಇನ್ನೊಂದು ಕಡೆಗೆ ಹುರುಳಿ ಹೊಲ, ತೆಂಗಿನ ತೋಟ. ನರಿಗಳು ಅಲ್ಲಿ ಪುಟ್ಟರಾಜುವಿನ ಅಜ್ಜನ ಕಾಲಕ್ಕಿಂತ ಮೊದಲಿನಿಂದ ಇದ್ದವು.

ಪುಟ್ಟರಾಜು ಹುಡುಗನಾಗಿದ್ದಾಗಲೇ ನರಿ ಕರೆಯಲು ಕಲಿತವನು. ಎರಡು ಅಂಗೈಯನ್ನು ಬೊಗಸೆ ಮಾಡಿ ಬಾಯಿಗಿಟ್ಟು ಕೂಗಿದರೆ ನರಿ ನಿಂತಲ್ಲೇ ಕಿವಿ ನಿಮಿರಿಸುತ್ತಿತ್ತು. ತೆಂಗಿನ ಗರಿಯ ಎಳೆಯನ್ನು ಎರಡು ಹೆಬ್ಬೆರಳ ನಡುವೆ ಬಿಗಿಹಿಡಿದು ಊದಿದರೆ ಸಿಕ್ಕಿಬಿದ್ದ ಮೊಲ ಅತ್ತಂತೆ ಕೇಳಿಸುತ್ತಿತ್ತು. ನರಿ ಹತ್ತು ಮಾರು ದೂರಕ್ಕೆ ಬಂದು ನಿಲ್ಲುತ್ತಿತ್ತು. ಆಗ ಅದೇ ಊರಿನ ಬೋರಪ್ಪನ ಹತ್ತಿರ ಒಂದು ನಾಡಬಂದೂಕು ಇತ್ತು. ಕರೆಯುವವನು ಪುಟ್ಟರಾಜು, ಹೊಡೆಯುವವನು ಬೋರಪ್ಪ. ಈಗ ಹಾಗೆ ಮಾಡಿದರೆ ಜೈಲು, ಆಗ ಊರವರಿಗೆ ಅದು ಶೂರತನ.

ಆ ಸಂಜೆ ಮೂವರೂ ಬಾರೆ ಹತ್ತಿದರು. ಜಯಲಕ್ಷ್ಮಮ್ಮನಿಗೆ ಹೋಗದೆ ವಿಧಿಯಿರಲಿಲ್ಲ. ಅವನ ತುಟಿಮಾತು ಓದಬಲ್ಲವಳು ಅವಳೊಬ್ಬಳೇ, ಮಗ ಸೊಸೆಗೂ ಅರ್ಧ ಮಾತ್ರ ತಿಳಿಯುತ್ತಿತ್ತು.

ಪುಟ್ಟರಾಜು ಒಂದು ಹಿಡಿ ಮಣ್ಣು ತೆಗೆದು ಬೆರಳ ಸಂದಿಯಿಂದ ಬಿಟ್ಟ. ಮಣ್ಣು ಊರ ಕಡೆಗೆ ಹಾರಿತು.

"ಗಾಳಿ ನಿನ್ ಮುಖಕ್ಕೆ ಬರ್ಬೇಕಂತೆ" ಅಂದಳು ಜಯಲಕ್ಷ್ಮಮ್ಮ. "ಬೆನ್ ಕಡೆಯಿಂದ ಬಂದ್ರೆ ನಿನ್ ವಾಸ್ನೆ ನಿನ್ಗಿಂತ ಮುಂಚೆ ಓಯ್ತದಂತೆ. ಎತ್ರದಲ್ಲಿ ನಿಂತ್ಕಬಾರ್ದು. ಬಂಡೆಗೆ ಬೆನ್ ಕೊಟ್ಟು ಕುಂತ್ಕೊ. ಕುಂತ ಮ್ಯಾಲೆ ಒಂದ್ ಬೀಡಿ ಸೇದೋವಷ್ಟು ಹೊತ್ತು..." ಅವಳು ನಿಲ್ಲಿಸಿ ಗಂಡನ ಕಡೆ ಉರಿಗಣ್ಣು ಬಿಟ್ಟಳು. "ಬೀಡಿ ಬೇರೆ! ಸೇದಿದ್ದು ಸಾಲ್ದು ಅಂತ. ಸ್ವಲ್ಪ ಹೊತ್ತು ಸುಮ್ಕಿರು ಅಂತವ್ರೆ ಕಣವ್ವ, ಅಷ್ಟೇ."

ಪುಟ್ಟರಾಜು ಸದ್ದಿಲ್ಲದೆ ನಕ್ಕ. ದೀಪಶ್ರೀ ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡಳು.

ಮೊದಲು ಸ್ಪೀಕರ್ ಹಾಕಿ ತೋರಿಸು ಅಂತ ಅವನು ಸನ್ನೆ ಮಾಡಿದ. ಅವಳು ಹಾಕಿದಳು. ಯಾವುದೋ ಊರಿನ ನರಿಯೊಂದು ಬಾರೆಯ ಮೇಲೆ ಜೋರಾಗಿ ಊಳಿಟ್ಟಿತು. ಪುಟ್ಟರಾಜು ತಲೆ ಓರೆ ಮಾಡಿ ಕೇಳಿ, ತೊಡೆ ತಟ್ಟಿಕೊಂಡು ನಗತೊಡಗಿದ.

"ಅದು ಬೈಯ್ತಾ ಅದಂತೆ" ಅಂದಳು ಜಯಲಕ್ಷ್ಮಮ್ಮ. "ಇದು ನನ್ ಜಾಗ, ಬಂದ್ರೆ ಕಚ್ ಬುಡ್ತೀನಿ ಅಂತ ಕೂಗ್ತಾ ಅದಂತೆ. ದಿನಾ ಬಂದು ಬೈದ್ರೆ ಯಾರ್ ಓಗೊಡ್ತಾರೆ ಅಂತವ್ರೆ."

"ಹಾಗಾದ್ರೆ ಹೇಗೆ ಕೂಗ್ಬೇಕು ತಾತ?"

ಅವನು ಬಹಳ ಹೊತ್ತು ಯೋಚಿಸಿ ತುಟಿ ಆಡಿಸಿದ. ಜಯಲಕ್ಷ್ಮಮ್ಮ ಇನ್ನೊಂದು ಸಲ ಹೇಳಿ ಅಂದಳು. ಅವನು ಇನ್ನೊಂದು ಸಲ ಹೇಳಿದ.

"ನಾನಿದೀನಿ ಅಂತ ಯೋಳಬಾರ್ದಂತೆ ಮಗ. ಯಾರಾದ್ರೂ ಇದೀರಾ ಅಂತ ಕೇಳ್ಬೇಕಂತೆ."

ದೀಪಶ್ರೀ ಬೊಗಸೆ ಕಟ್ಟಿ ಕೂಗಿದಳು. ಹೋಗಿಬಿಡುತ್ತಿರುವ ಬಸ್ಸನ್ನು ನಿಲ್ಲಿಸಲು ಕಾಲೇಜಿನ ಹುಡುಗಿ ಕೂಗಿದಂತೆ ಕೇಳಿಸಿತು. ಕೆಳಗೆ ಊರಿನಲ್ಲಿ ನಾಯಿಗಳು ಬೊಗಳಿದವು. ಅವಳೇ ನಕ್ಕು, ಮತ್ತೆ ಕೂಗಿದಳು. ಪುಟ್ಟರಾಜು ಕೈಯನ್ನು ಗಾಳಿಯಲ್ಲಿ ಮೇಲಕ್ಕೆ ಒಯ್ದು, ಕೊನೆಗೆ ಒಂದು ಕಡೆ ಬಾಗಿಸಿ ತೋರಿಸಿದ. ಅವಳಿಗೆ ತಿಳಿಯಲಿಲ್ಲ.

"ಕೊನೇಲಿ ಮುರೀಬೇಕು ಕಣವ್ವ" ಅಂದಳು ಜಯಲಕ್ಷ್ಮಮ್ಮ. "ಮೊದ್ಲು ಸಣ್ಣಕೆ, ಆಮೇಕೆ ಏರ್ಸು. ಏರ್ಸಿದ್ದುನ್ನ ಅಂಗೇ ಬುಡಬಾರ್ದು, ಅಳೋ ಮಗು ಉಸ್ರು ಕಟ್ತದಲ್ಲ, ಅಂಗೆ ಮುರ್ದು ಬುಡು. ಎರಡ್ನೇ ಕೂಗು ಮೊದುಲ್ನೇದಕ್ಕಿಂತ ಉದ್ದ. ಮೂರ್ ಆದ್ ಮ್ಯಾಲೆ ಬಾಯಿ ಮುಚ್ಕೊ."

ಹೇಳಿ ಮುಗಿಸಿ ನೋಡಿದರೆ ಪುಟ್ಟರಾಜು ಅವಳನ್ನೇ ನೋಡುತ್ತಿದ್ದ. ಇದನ್ನು ಅವನು ಹೇಳಿರಲಿಲ್ಲ.

"ಏನ್ ಅಂಗ್ ನೋಡ್ತೀರಿ?" ಅಂದಳು ಅವಳು. "ನಲವತ್ತು ವರ್ಸ ಕೇಳಿಲ್ವಾ ನಾನು?"

ಕೇಳಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ, ಹೊಸ್ತಿಲ ಒಳಗೆ ದೀಪದ ಪಕ್ಕ ನಿಂತು, ಬಾರೆಯಿಂದ ಬರುವ ಕೂಗಿನಲ್ಲಿ ಗಂಡ ಎಲ್ಲಿದ್ದಾನೆ ಅಂತ ಅವಳು ಗುರುತು ಹಿಡಿಯುತ್ತಿದ್ದಳು. ಕೆರೆಯ ಕಡೆ ಇದ್ದಾನೆ, ಈಗ ತೋಟದ ಕಡೆಗೆ ಬಂದ. ಮೂರನೇ ಕೂಗು ಕೇಳಿಸಿದರೆ ಇನ್ನರ್ಧ ಗಂಟೆಯಲ್ಲಿ ಮನೆಗೆ ಬರುತ್ತಾನೆ ಅಂತ ಮುದ್ದೆಗೆ ಎಸರಿಡುತ್ತಿದ್ದಳು. ಕೂಗು ಮುರಿಯುವ ಜಾಗ ಅವಳಿಗೆ ಅವನ ಹೆಜ್ಜೆ ಸದ್ದಿನಷ್ಟೇ ಗೊತ್ತಿತ್ತು. ಆದರೆ ಇದನ್ನೆಲ್ಲ ಅವನಿಗೆ ಯಾವತ್ತೂ ಹೇಳಿರಲಿಲ್ಲ. ಹೇಳುವಂಥದ್ದು ಅಂತ ಅನ್ನಿಸಿರಲೂ ಇಲ್ಲ.

ಹೊರಡುವ ಹೊತ್ತಿಗೆ ದೀಪಶ್ರೀ ಕೇಳಿದಳು: "ತಾತ, ಮರಿ ಅಳೋ ಥರ ಕೂಗಿದ್ರೆ ದೊಡ್ಡವು ಬೇಗ ಬರ್ತಾವೆ ಅಂತ ಓದಿದೀನಿ. ಅದನ್ನ ಕಲಿಸ್ತೀರಾ?"

ಪುಟ್ಟರಾಜುವಿನ ಮುಖ ಗಟ್ಟಿಯಾಯಿತು. ಬೇಡ ಅಂತ ಅಂಗೈ ಆಡಿಸಿ, ಎದ್ದು, ದೂರ ಹೋಗಿ ಬೆನ್ನು ಮಾಡಿ ನಿಂತ.

"ಅದೊಂದ್ ಕೇಳ್ಬೇಡ" ಅಂತ ಜಯಲಕ್ಷ್ಮಮ್ಮ ತಗ್ಗಿದ ದನಿಯಲ್ಲಿ ಅಂದಳು. "ನಮ್ ಕುಮಾರ ಇನ್ನೂ ಅಂಬೆಗಾಲು. ಉಗಾದಿ ಹತ್ರ, ನರಿ ಮರಿ ಹಾಕೋ ಕಾಲ. ಒಂದಿನ ಇವ್ರು ಇಲ್ಲೇ ಎಲ್ಲೋ ಕುಂತ್ಕಂಡು ಮರಿ ಅಳೋ ಅಂಗೆ ಕೂಗವ್ರೆ. ತಾಯಿ ನರಿ ಓಡ್ ಬಂದದೆ. ಮೊಲೆ ತುಂಬ ಹಾಲು. ಬೋರಪ್ಪ ಬಂದೂಕ ಎತ್ಕಂಡು ನಿಂತಿದ್ರೂ ಅದು ಓಡಲಿಲ್ವಂತೆ. ಇವ್ರ ಸುತ್ತ ಬಂದು, ಇವ್ರ ಹಿಂದ್ಗಡೆ ಮೂಸಿ ಮೂಸಿ ಉಡುಕ್ತಂತೆ. ಬೋರಪ್ಪ ಒಡ್ದ."

ದೀಪಶ್ರೀ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದಳು.

"ಮನೇಗ್ ಬಂದಾಗ ನಾನು ಕುಮಾರಂಗೆ ಹಾಲ್ ಕೊಡ್ತಾ ಕುಂತಿದ್ದೆ. ಒಳಕ್ಕೇ ಬರ್ಲಿಲ್ಲ. 'ಅದು ನನ್ನ ನೋಡ್ಲೇ ಇಲ್ಲ ಕಣೆ, ನನ್ ಹಿಂದೆ ಮರಿ ಎಲ್ಲದೆ ಅಂತ ನೋಡ್ತಿತ್ತು' ಅಂದ್ರು. ಮಾರ್ನೇ ದಿನ ಬಿಲ ಉಡುಕ್ಕಂಡು ಓದ್ರು. ಎರಡ್ ಮರಿ. ಹನ್ನೊಂದ್ ದಿನ ಮೇಕೆ ಹಾಲಲ್ಲಿ ಮುದ್ದೆ ಕಿವುಚಿ ಬಿಲದ ಬಾಯಿಗೆ ಇಟ್ಬುಟ್ಟು ಬಂದ್ರು. ಹನ್ನೆರಡ್ನೇ ದಿನ ಮರಿ ಇರ್ಲಿಲ್ಲ. ಬದುಕಿದ್ವೋ ಏನೋ. ಆವತ್ತಿಂದ ಬೋರಪ್ಪನ ಜೊತೆ ಓಗ್ಲಿಲ್ಲ. ಕರೆಯಾದು ಮಾತ್ರ ಬುಡ್ಲಿಲ್ಲ. ದಿನಾ ಸಂದೆ ಬಂದು ಕರೆಯೋರು, ಅವು ಓಗೊಡೋವು, ಇವ್ರು ಮನೇಗ್ ಬರೋರು. ಅಷ್ಟೇ. ಯಾಕೆ ಅಂತ ನಾನೂ ಕೇಳ್ಲಿಲ್ಲ."

*

ಮಾರನೆಯ ಸಂಜೆ ಪುಟ್ಟರಾಜು ತಾನೇ ತೋಟಕ್ಕೆ ಹೋಗಿ ತೆಂಗಿನ ಗರಿ ಕಿತ್ತು ತಂದಿದ್ದ. ಬಂಡೆಯ ಹಿಂದೆ ಕೂತ ಮೇಲೆ ಎಳೆಯನ್ನು ಉಗುರಿನಿಂದ ಸೀಳಿ, ಹೆಬ್ಬೆರಳ ನಡುವೆ ಬಿಗಿದು, ದೀಪಶ್ರೀಗೆ ಹಿಡಿಯುವ ರೀತಿ ತೋರಿಸಿದ. ತೋರಿಸುತ್ತ ತೋರಿಸುತ್ತ, ಮರೆತವನಂತೆ, ತುಟಿಗೆ ಇಟ್ಟುಕೊಂಡು ಊದಿದ.

ಗರಿ ಅಲುಗಲಿಲ್ಲ. ಉಸಿರು ಬಾಯಿಗೆ ಬರಲೇ ಇಲ್ಲ. ಕುತ್ತಿಗೆಯ ಬಟ್ಟೆಯಿಂದ ಬುಸ್ ಅಂತ ಹೊರಟುಹೋಯಿತು. ಅವನು ಇನ್ನೊಮ್ಮೆ ಊದಿದ. ಕೆನ್ನೆ ಉಬ್ಬಿತು, ಕಣ್ಣು ಕೆಂಪಾಯಿತು, ಬಟ್ಟೆ ಹಾರಿ ಮೇಲಕ್ಕೆ ಎದ್ದಿತು. ಕೆಮ್ಮು ಬಂತು. ಜಯಲಕ್ಷ್ಮಮ್ಮ ಬಟ್ಟೆ ಸರಿಮಾಡಲು ಕೈ ಚಾಚಿದರೆ ಅವಳ ಕೈಯನ್ನು ತಳ್ಳಿ, ಗರಿಯನ್ನು ಎಸೆದು, ಇಬ್ಬರನ್ನೂ ಅಲ್ಲೇ ಬಿಟ್ಟು ಇಳಿದು ಹೋದ.

"ತಪ್ಪಾಯ್ತು ಅಜ್ಜಿ" ಅಂದಳು ದೀಪಶ್ರೀ. ಅವಳ ಕಣ್ಣಲ್ಲಿ ನೀರಿತ್ತು.

"ನಿನ್ ತಪ್ಪಲ್ಲ ಮಗ. ಆದ್ರೆ ಇನ್ ಬರ್ಬೇಡ. ಆಪರೇಶನ್ ಆದಾಗ ಹಿಂಗೇ ಆಗಿತ್ತು, ತಿಂಗ್ಳುಗಟ್ಲೆ ಗೋಡೆ ನೋಡ್ಕಂಡು ಮಲ್ಗಿದ್ರು. ಈಗೀಗ ಎದ್ ಕುಂತ್ಕತಿದ್ರು."

ದೀಪಶ್ರೀ ತಲೆಯಾಡಿಸಿದಳು. ತನ್ನ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟು ಹೋದಳು.

ಪುಟ್ಟರಾಜು ಊಟ ಮಾಡಲಿಲ್ಲ. ಬೆಳಗಿನ ಜಾವ ಕೆರೆಯ ಕಡೆ ನರಿಗಳು ತಾವೇ ಕೂಗಿದಾಗ ಅವನು ಎಚ್ಚರವಾಗಿಯೇ ಇದ್ದ. ಕಂಬಳಿ ಎಳೆದು ಕಿವಿಯ ಮೇಲೆ ಹಾಕಿಕೊಂಡ. ಪಕ್ಕದಲ್ಲಿ ಮಲಗಿದ್ದ ಜಯಲಕ್ಷ್ಮಮ್ಮ ಅದನ್ನು ನೋಡಿದಳು. ಅವು ಕೂಗಿ, ನಿಲ್ಲಿಸಿ, ಮತ್ತೆ ಕೂಗಿದವು. ಬಾರೆಯಿಂದ ದಿನಾ ಒಂದು ದನಿ ಬರುತ್ತಿತ್ತು, ಅದು ಎಲ್ಲಿ ಹೋಯಿತು ಅಂತ ಅವಕ್ಕೂ ಅನ್ನಿಸಿರಬೇಕು ಎಂದುಕೊಂಡಳು.

ಬೆಳಗ್ಗೆ ಡೈರಿಗೆ ಹಾಲು ಹಾಕಿ ಬರುವಾಗ, ತೋಟದ ನಡುವೆ ಯಾರೂ ಇಲ್ಲದ ಜಾಗದಲ್ಲಿ ಅವಳು ನಿಂತಳು. ಖಾಲಿ ಕ್ಯಾನು ಕೆಳಗಿಟ್ಟಳು. ಆ ಕಡೆ ಈ ಕಡೆ ನೋಡಿ, ಅಂಗೈ ಬೊಗಸೆ ಮಾಡಿ ಬಾಯಿಗಿಟ್ಟಳು. ನಾಚಿಕೆಯಿಂದ ಕೈ ಇಳಿಸಿದಳು. ಮತ್ತೆ ಇಟ್ಟಳು.

ಹೊರಟ ದನಿ ಅವಳಿಗೇ ಭಯವಾಗುವಷ್ಟು ಕೆಟ್ಟದಾಗಿತ್ತು. ಬದುವಿನ ಆಚೆಯಿಂದ ಹುಲ್ಲಿನ ಹೊರೆ ಹೊತ್ತ ಮಾದಮ್ಮ ತಲೆ ಎತ್ತಿದಳು. "ಏನ್ ಜಯಕ್ಕ, ನೆಗಡಿಯಾ? ಮೆಣಸಿನ ಕಷಾಯ ಮಾಡ್ಕಂಡು ಕುಡಿ."

"ಊಂ ಕಣೆ, ರಾತ್ರಿಯಿಂದ ಗಂಟ್ಲು ಸರಿಯಿಲ್ಲ" ಅಂತ ಜಯಲಕ್ಷ್ಮಮ್ಮ ಕ್ಯಾನು ಎತ್ತಿಕೊಂಡು ಸರಸರ ನಡೆದಳು.

ಆದರೆ ಬಿಡಲಿಲ್ಲ. ಕೊಟ್ಟಿಗೆಯಲ್ಲಿ ಸಗಣಿ ಬಾಚುವಾಗ, ಬಾಗಿಲು ಮುಂದೆ ಮಾಡಿ, ಸಣ್ಣ ದನಿಯಲ್ಲಿ ಕೂಗಿ ನೋಡಿದಳು. ಹಸು ಮೆಲುಕು ನಿಲ್ಲಿಸಿ ಅವಳನ್ನು ನೋಡಿತು. "ನೀನೇನ್ ನೋಡ್ತಿ, ಮೇಯಿ" ಅಂದಳು. ಕಿವಿಯಲ್ಲಿ ಗಂಡನ ಕೂಗು ಚೆನ್ನಾಗಿತ್ತು, ಬಾಯಿಗೆ ಬರುವಾಗ ಕೆಡುತ್ತಿತ್ತು. ಏರಿಸಿದ್ದು ಸರಿಹೋದರೆ ಮುರಿಯುವುದು ತಪ್ಪುತ್ತಿತ್ತು. ನಾಲ್ಕು ದಿನ ಹೀಗೇ ನಡೆಯಿತು. ಅರವತ್ತೆರಡು ವರ್ಷದ ಹೆಂಗಸು ಕೊಟ್ಟಿಗೆಯಲ್ಲಿ ನರಿಯಂತೆ ಕೂಗುತ್ತಾಳೆ ಅಂತ ಸೊಸೆಗೆ ಗೊತ್ತಾದರೆ ಏನು ಗತಿ ಅಂತ ನಗುವೂ ಬರುತ್ತಿತ್ತು.

ಐದನೇ ದಿನ ಅವಳು ಕೂಗಿ ತಿರುಗಿದಾಗ ಪುಟ್ಟರಾಜು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ.

ಜಯಲಕ್ಷ್ಮಮ್ಮನಿಗೆ ಭೂಮಿಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಅಣಕಿಸುತ್ತಿದ್ದಾಳೆ ಅಂದುಕೊಂಡನೋ, ನೊಂದುಕೊಂಡನೋ ಅಂತ ದಿಗಿಲಾಯಿತು. "ಸುಮ್ಕೆ... ಹಸುಗೆ..." ಅಂತ ಏನೋ ತೊದಲಿದಳು.

ಅವನು ಒಳಗೆ ಬಂದ. ಅವಳ ಕೈಯಲ್ಲಿದ್ದ ಪೊರಕೆ ತೆಗೆದು ಗೋಡೆಗೆ ಒರಗಿಸಿದ. ಎರಡು ಬೆರಳಲ್ಲಿ ಅವಳ ಗದ್ದ ಹಿಡಿದು ಮೇಲಕ್ಕೆ ಎತ್ತಿದ. ಇನ್ನೊಂದು ಅಂಗೈಯನ್ನು ಅವಳ ಹೊಟ್ಟೆಯ ಮೇಲೆ ಇಟ್ಟು ಒತ್ತಿದ. ಇಲ್ಲಿಂದ ಅಂತ ತುಟಿ ಆಡಿಸಿದ. ಗಂಟಲಿಂದ ಅಲ್ಲ, ಇಲ್ಲಿಂದ.

ನಲವತ್ತು ವರ್ಷದಲ್ಲಿ ಹಗಲು ಹೊತ್ತು ಅವನು ಅವಳನ್ನು ಹೀಗೆ ಮುಟ್ಟಿದವನಲ್ಲ. ಅವಳ ಕಣ್ಣು ತುಂಬಿಬಂತು. ಅವನು ತಾಳ್ಮೆಯಿಂದ ಕಾದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಹೊಟ್ಟೆಯಿಂದ ಉಸಿರೆಳೆದು ಕೂಗಿದಳು. ದನಿ ಏರುವಾಗ ಅವನ ಅಂಗೈಯೂ ಒತ್ತುತ್ತಿತ್ತು. ಮುರಿಯಬೇಕಾದ ಜಾಗಕ್ಕೆ ಬಂದಾಗ ಅವನು ತಟ್ಟನೆ ಕೈ ತೆಗೆದ. ದನಿ ತಾನೇ ಮುರಿಯಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹಸು ಹೆದರಿ ಹಗ್ಗ ಜಗ್ಗಿತು.

ಒಂದು ವಾರ ಹೀಗೆ ಪಾಠವಾಯಿತು. ಸೊಸೆಗೆ ಗೊತ್ತಾಗದೆ ಇರಲಿಲ್ಲ. ಅವಳು ಕುಮಾರನಿಗೆ ಹೇಳಿ, ಕುಮಾರ ಬಾಯಿಗೆ ಬೀಗ ಹಾಕಿಕೋ ಅಂತ ಅವಳಿಗೆ ಹೇಳಿದ. ಎಂಟನೇ ದಿನ ಜಯಲಕ್ಷ್ಮಮ್ಮ ಆ ಚೀಟಿಯನ್ನು ಮಗನಿಗೆ ಕೊಟ್ಟು ಫೋನ್ ಮಾಡಿಸಿದಳು. "ನಾನ್ ಬರ್ಬೇಡ ಅಂದಿದ್ದೆ ಕಣವ್ವ. ಈಗ ನಾನೇ ಕರೀತಾ ಇವ್ನಿ. ಬಾ."

*

ಮಾಗಿಯ ಚಳಿ ಕವಿಯುತ್ತಿದ್ದ ಸಂಜೆ. ಸೂರ್ಯ ತೆಂಗಿನ ತೋಟದ ಹಿಂದಕ್ಕೆ ಜಾರಿದ್ದ. ಪುಟ್ಟರಾಜು ಈ ಸಲ ಮಣ್ಣನ್ನು ತಾನು ಹಾರಿಸಲಿಲ್ಲ, ಹೆಂಡತಿಯ ಕೈಗೆ ಹಾಕಿದ. ಅವಳು ಬಿಟ್ಟಳು. ಗಾಳಿ ಕೆರೆಯ ಕಡೆಯಿಂದ ಮುಖಕ್ಕೆ ಬೀಸುತ್ತಿತ್ತು. ಮೂವರೂ ಬಂಡೆಗೆ ಬೆನ್ನು ಕೊಟ್ಟು ಕೂತರು. ದೀಪಶ್ರೀ ದಿಕ್ಸೂಚಿ, ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡಳು. ಸ್ಪೀಕರನ್ನು ಅವಳು ತಂದೇ ಇರಲಿಲ್ಲ.

ಸ್ವಲ್ಪ ಹೊತ್ತು ಯಾರೂ ಅಲುಗಲಿಲ್ಲ. ಆಮೇಲೆ ಪುಟ್ಟರಾಜು ಅವಳ ಮೊಣಕೈ ಮುಟ್ಟಿದ.

ಜಯಲಕ್ಷ್ಮಮ್ಮ ಸೆರಗು ತಲೆಗೆ ಎಳೆದುಕೊಂಡು, ಬೊಗಸೆ ಕಟ್ಟಿ ಕೂಗಿದಳು. ದನಿ ನಡುಗಿತು. ದೂರದಲ್ಲಿ ಒಂದು ನವಿಲು ಕೂಗಿತು, ಅಷ್ಟೇ. ಅವಳು ಸೋತ ಮುಖ ಮಾಡಿ ಗಂಡನ ಕಡೆ ನೋಡಿದಳು. ಅವನು ಒಂದು ಬೆರಳು ಎತ್ತಿ ತೋರಿಸಿದ. ತಾಳು. ಅವಳು ಎದುರಿನ ತೋಟದ ಮರ ಎಣಿಸುತ್ತ ಕೂತಳು. ಮೂವತ್ತು ಎಣಿಸಿದ ಮೇಲೆ ಅವನು ತಲೆಯಾಡಿಸಿದ.

ಎರಡನೇ ಸಲ ಅವಳು ನರಿಗಳನ್ನು ನೆನೆಯಲಿಲ್ಲ. ಹೊಸ್ತಿಲ ಒಳಗೆ ನಿಂತು ಕತ್ತಲೆಗೆ ಕಿವಿ ಕೊಡುತ್ತಿದ್ದ ಅಂದಿನ ತನ್ನನ್ನು ನೆನೆದಳು. ಎಲ್ಲಿದ್ದೀರಿ, ಬರುತ್ತೀರಾ ಅಂತ ಆಗ ಬಾಯಿಬಿಟ್ಟು ಕೇಳಲಾಗದೆ ಇದ್ದದ್ದನ್ನು ಈಗ ಕೇಳಿದಳು. ಹೊಟ್ಟೆಯಿಂದ ಎದ್ದ ದನಿ ಏರಿ, ಉದ್ದಕ್ಕೂ ಹರಿದು, ಕೊನೆಗೆ ಅಳು ಉಸಿರು ಕಟ್ಟಿದ ಹಾಗೆ ಮುರಿಯಿತು.

ಕೆರೆಯ ಕಡೆಯಿಂದ ಒಂದು ನರಿ ಓಗೊಟ್ಟಿತು.

ದೀಪಶ್ರೀ ದಿಕ್ಸೂಚಿ ಎತ್ತಿಕೊಂಡಳು. ಹುರುಳಿ ಹೊಲದ ಕಡೆಯಿಂದ ಇನ್ನೊಂದು ಎದ್ದಿತು, ಅದರ ಬೆನ್ನಿಗೇ ಮತ್ತೆರಡು. ಆಮೇಲೆ ತೀರಾ ಹತ್ತಿರದಲ್ಲಿ, ಅವರ ಎಡಕ್ಕಿದ್ದ ಲಂಟಾನದ ಪೊದೆಯಿಂದ, ಒಂದು ಗುಂಪೇ ದನಿಗೂಡಿಸಿತು. ಇಡೀ ಬಾರೆ ತುಂಬಿಹೋಯಿತು. ದೀಪಶ್ರೀ ಬರೆಯುವುದನ್ನು ಮರೆತು ಕೂತು, ಆಮೇಲೆ ನೆನಪಾಗಿ ಗಡಿಬಿಡಿಯಲ್ಲಿ ಗೀಚತೊಡಗಿದಳು.

ಜಯಲಕ್ಷ್ಮಮ್ಮ ಗಂಡನ ಕಡೆ ತಿರುಗಿದಳು. ಅವನು ಮುಖ ಮೇಲಕ್ಕೆತ್ತಿ, ಎರಡು ಅಂಗೈ ಬಾಯಿಗಿಟ್ಟು, ಬಾಯಿ ತೆರೆದಿದ್ದ. ಸದ್ದೇನೂ ಇರಲಿಲ್ಲ. ಕುತ್ತಿಗೆಯ ಬಿಳೀ ಬಟ್ಟೆ ನಿಧಾನ ಉಬ್ಬುತ್ತ ಉಬ್ಬುತ್ತ ಹೋಗಿ, ಮುರಿಯುವ ಜಾಗದಲ್ಲಿ ಸರಿಯಾಗಿ ಬಿದ್ದುಹೋಯಿತು. ಅವನು ನರಿಗಳ ಜೊತೆ ಕೂಗುತ್ತಿದ್ದ. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದುದು ಅವನಿಗೆ ತಿಳಿದಿತ್ತೋ ಇಲ್ಲವೋ. ಅವಳು ಒರೆಸಲು ಹೋಗಲಿಲ್ಲ. ಅವನ ಪಕ್ಕಕ್ಕೆ ಸರಿದು, ಹೆಗಲಿಗೆ ಹೆಗಲು ತಾಗಿಸಿ, ಅವು ನಿಲ್ಲುವವರೆಗೂ ಕೇಳುತ್ತ ಕೂತಳು.

ಮೂರು ಕಡೆ, ಕಡಿಮೆಯೆಂದರೂ ಒಂಬತ್ತು ನರಿ ಅಂತ ದೀಪಶ್ರೀ ಬರೆದುಕೊಂಡಳು. ಪುಟ್ಟರಾಜು ಪುಸ್ತಕ ಇಸಕೊಂಡು ನೋಡಿ, ಅಲ್ಲ ಅಂತ ತಲೆಯಾಡಿಸಿ, ಎರಡೂ ಕೈಯ ಹತ್ತು ಬೆರಳು ತೋರಿಸಿ, ಆಮೇಲೆ ಇನ್ನೊಂದು ಬೆರಳು ಎತ್ತಿದ. ಪೊದೆಯ ಗುಂಪಿನಲ್ಲಿ ಎರಡು ಎಳೆಯ ದನಿ ಇದ್ದವು, ಅವು ದೊಡ್ಡವುಗಳ ದನಿಯ ಅಡಿಯಲ್ಲಿ ಮುಚ್ಚಿಹೋಗಿದ್ದವು ಅಂತ ಜಯಲಕ್ಷ್ಮಮ್ಮನ ಬಾಯಲ್ಲಿ ಹೇಳಿಸಿದ. ದೀಪಶ್ರೀ ಒಂಬತ್ತನ್ನು ಹೊಡೆದು ಹನ್ನೊಂದು ಮಾಡಿದಳು.

ಆ ಚಳಿಗಾಲವೆಲ್ಲ ಅವಳು ವಾರಕ್ಕೆ ಎರಡು ಸಂಜೆ ಬಂದಳು. ಜಯಲಕ್ಷ್ಮಮ್ಮ ಕೊಟ್ಟಿಗೆಯಲ್ಲಿ ಕಲಿತದ್ದನ್ನೆಲ್ಲ ಅವಳಿಗೆ ಕಲಿಸಿದಳು. ತಾನೇ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು, ಮುರಿಯುವ ಜಾಗಕ್ಕೆ ತಟ್ಟನೆ ತೆಗೆದಳು. ಶಿವರಾತ್ರಿಯ ಹೊತ್ತಿಗೆ ಬಸ್ಸಿಗೆ ಕೂಗುವ ದನಿ ಹೋಗಿ, ದೀಪಶ್ರೀಯ ಕೂಗಿಗೂ ನರಿ ಓಗೊಟ್ಟಿತು. ಆವತ್ತು ಅವಳು ಪುಟ್ಟರಾಜುವಿನ ಕಾಲು ಮುಟ್ಟಲು ಬಗ್ಗಿದರೆ ಅವನು ಹಿಂದಕ್ಕೆ ಸರಿದು, ಹೆಂಡತಿಯ ಕಾಲು ತೋರಿಸಿದ.

ತಂಡಕ್ಕೆ ಹೊಸದಾಗಿ ಸೇರಿದ ಇನ್ನೂ ಆರು ಜನಕ್ಕೆ ಕಲಿಸಬೇಕು ಅಂತ ದೀಪಶ್ರೀ ಒಂದು ಸಂಜೆ ಇಬ್ಬರನ್ನೂ ಕಾರಿನಲ್ಲಿ ಕೊರವಂಗಲದ ಹೊಲಗಳ ಕಡೆಗೆ ಕರೆದೊಯ್ದಳು. ಬಂದವರಲ್ಲಿ ಪ್ರೇಕ್ಷಾ ಅಂತ ಒಬ್ಬಳು ಬಲು ನಾಚಿಕೆಯವಳು, ಬಾಯೇ ತೆರೆಯುತ್ತಿರಲಿಲ್ಲ. ಜಯಲಕ್ಷ್ಮಮ್ಮ ಅವಳನ್ನು ಪಕ್ಕಕ್ಕೆ ಕರೆದು, "ನಂಗೂ ಅಂಗೇ ಆಗಿತ್ತು ಮಗ. ಮೊದ್ಲು ಒಂದ್ ಹಸು ಮುಂದೆ ಕೂಗು, ಅದು ಯಾರ್ಗೂ ಯೋಳಾಕಿಲ್ಲ" ಅಂದಳು. ಎಲ್ಲರೂ ನಕ್ಕರು. ಆಮೇಲೆ ಜಯಲಕ್ಷ್ಮಮ್ಮ ಕೂಗಿದಳು, ಕಬ್ಬಿನ ಗದ್ದೆಯ ಆಚೆಯಿಂದ ನಾಲ್ಕು ನರಿ ಓಗೊಟ್ಟವು. ಆ ಆರು ಜನ ಮಕ್ಕಳಂತೆ ಚಪ್ಪಾಳೆ ತಟ್ಟಲು ಹೋಗಿ, ಪುಟ್ಟರಾಜು ಕಣ್ಣು ಬಿಟ್ಟಿದ್ದಕ್ಕೆ ಕೈ ಹಿಂದಕ್ಕೆ ಎಳೆದುಕೊಂಡರು.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅವನು ಹೆಂಡತಿಯ ತೋಳು ತಟ್ಟಿ, ಎದುರಿನಿಂದ ಬರುವ ಲಾರಿಗಳ ಬೆಳಕಿನಲ್ಲಿ ತುಟಿ ಆಡಿಸಿದ.

"ಏನಂದ್ರು ಅಜ್ಜಿ?" ಅಂತ ದೀಪಶ್ರೀ ಮುಂದಿನಿಂದ ಕೇಳಿದಳು.

"ಎರಡ್ನೇ ಕೂಗು ತೀರಾ ಉದ್ದ ಆಯ್ತಂತೆ! ನಾಕ್ ನರಿ ಓಗೊಟ್ಟವೆ, ಇನ್ನೂ ಉದ್ದ ಆಯ್ತಂತೆ!" ಜಯಲಕ್ಷ್ಮಮ್ಮ ಗಂಡನ ಕಡೆ ತಿರುಗಿದಳು. "ಉದ್ದ ಆಗ್ದೆ ಏನು? ಕಬ್ಬಿನ್ ಗದ್ದೆ ದಾಟಿ ಓಗ್ಬೇಡ್ವಾ ದನಿ?"

ಅವನು ಇಲ್ಲ ಅಂತ ಕೈಯಾಡಿಸಿ, ಗಾಳಿಯಲ್ಲಿ ಬೆರಳಿಂದ ಕೂಗನ್ನು ಬರೆದು, ಎಲ್ಲಿ ಮುರಿಯಬೇಕಿತ್ತು ಅಂತ ತೋರಿಸಿದ. ಅವಳು ಅವನ ಬೆರಳನ್ನೇ ಹಿಡಿದು ಇನ್ನೊಂದು ಗೇಣು ಮುಂದಕ್ಕೆ ಎಳೆದು, ಇಲ್ಲಿ ಅಂದಳು. ಅವನು ಹಿಂದಕ್ಕೆ ಎಳೆದ. ಹೀಗೆ ಜಗಳವಾಡುತ್ತಲೇ ಅವರು ಚನ್ನರಾಯಪಟ್ಟಣ ದಾಟಿದರು.